ಟಾಸ್ ಹಾಕಿದರೆ ಆಟ ನ್ಯಾಯವಾಗುತ್ತದೆಯೇ? ಆಟಿಕೆ ಸೈನಿಕರ ಸರದಿ ಜಗಳಕ್ಕೆ ನಿಯಮ ಬರೆದ ಎಚ್.ಜಿ. ವೆಲ್ಸ್ ಕಥೆ

ಲೂಡೋ ಇರಲಿ, ಕೇರಂ ಇರಲಿ, ಆಟ ಶುರುವಾಗುವ ಮೊದಲೇ ಒಂದು ಸಣ್ಣ ಜಗಳ ನಡೆಯುತ್ತದೆ. ಮೊದಲ ಸರದಿ ಯಾರದು? ಹೋದ ಸಲ ನೀನೇ ಮೊದಲು ಆಡಿದ್ದೆ ಎಂದು ಒಬ್ಬರು, ಗೆದ್ದವರೇ ಮೊದಲು ಆಡಬೇಕು ಎಂದು ಇನ್ನೊಬ್ಬರು. ಕೊನೆಗೆ ಯಾರೋ ಜೇಬಿನಿಂದ ನಾಣ್ಯ ತೆಗೆಯುತ್ತಾರೆ. ಟಾಸ್ ಆದ ಮೇಲೆ ಯಾರೂ ಮಾತಾಡುವಂತಿಲ್ಲ. ನಾಣ್ಯ ಯಾರ ಪಕ್ಷವನ್ನೂ ವಹಿಸುವುದಿಲ್ಲವಾದ್ದರಿಂದ ಆಟ ನ್ಯಾಯವಾಗಿಯೇ ನಡೆಯುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ.

ಈ ನಂಬಿಕೆ ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಮನೆಯ ನೆಲದ ಮೇಲೆ ಮಂಡಿಯೂರಿ ಕುಳಿತು ಅರ್ಥಮಾಡಿಕೊಂಡವರು ಇಂಗ್ಲೆಂಡಿನ ಒಬ್ಬ ಲೇಖಕರು. ಕಾಲಯಂತ್ರದ ಕಥೆ, ಅದೃಶ್ಯ ಮನುಷ್ಯನ ಕಥೆ, ಮಂಗಳ ಗ್ರಹದವರು ಭೂಮಿಗೆ ದಾಳಿ ಇಡುವ ಕಥೆ ಬರೆದ ಎಚ್.ಜಿ. ವೆಲ್ಸ್ ಅವರೇ ಆ ವ್ಯಕ್ತಿ. ಇಂದು ಜಗತ್ತಿನಾದ್ಯಂತ ಯುವಕರು ಮೇಜಿನ ಸುತ್ತ ಕುಳಿತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಆಟಗಳಲ್ಲಿ ಯಾರ ಸರದಿ ಮೊದಲು ಎಂಬ ವಾದ ಇನ್ನೂ ಮುಗಿದಿಲ್ಲ. ಆ ವಾದದ ಬೇರು ಹುಡುಕುತ್ತಾ ಹೋದರೆ ದಾರಿಯಲ್ಲಿ ವೆಲ್ಸ್ ಅವರ ಮನೆಯೂ ಸಿಗುತ್ತದೆ. ಈ ಲೇಖನದಲ್ಲಿ ನಾವು ಅವರ ಬದುಕನ್ನು ಆ ಕಡೆಯಿಂದ ನೋಡೋಣ.

ಪಿಂಗಾಣಿ ಅಂಗಡಿಯ ಹುಡುಗ

ಹರ್ಬರ್ಟ್ ಜಾರ್ಜ್ ವೆಲ್ಸ್ ಹುಟ್ಟಿದ್ದು 1866ರ ಸೆಪ್ಟೆಂಬರ್ 21ರಂದು, ಲಂಡನ್ ಹತ್ತಿರದ ಬ್ರಾಮ್ಲಿ ಎಂಬ ಊರಿನಲ್ಲಿ. ತಂದೆ ಜೋಸೆಫ್ ಪಿಂಗಾಣಿ ಪಾತ್ರೆ ಮತ್ತು ಕ್ರಿಕೆಟ್ ಸಾಮಾನುಗಳ ಸಣ್ಣ ಅಂಗಡಿ ಇಟ್ಟಿದ್ದರು. ತಾಯಿ ಸಾರಾ ಮದುವೆಗೆ ಮೊದಲು ಶ್ರೀಮಂತರ ಮನೆಯಲ್ಲಿ ಕೆಲಸಕ್ಕಿದ್ದವರು. ಅಂಗಡಿ ಎಂದೂ ಲಾಭ ಕಂಡಿದ್ದಿಲ್ಲ.

ತಂದೆಯ ಹೆಸರು ಮಾತ್ರ ಕ್ರಿಕೆಟ್ ಇತಿಹಾಸದಲ್ಲಿ ಉಳಿದಿದೆ. 1862ರಲ್ಲಿ ಕೆಂಟ್ ತಂಡದ ಪರ ಸಸೆಕ್ಸ್ ವಿರುದ್ಧ ಬೌಲಿಂಗ್ ಮಾಡುತ್ತಾ ಜೋಸೆಫ್ ವೆಲ್ಸ್ ಸತತ ನಾಲ್ಕು ಎಸೆತಗಳಲ್ಲಿ ನಾಲ್ಕು ವಿಕೆಟ್ ಪಡೆದರು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅಂಥ ಸಾಧನೆ ಮಾಡಿದ ಮೊದಲಿಗರು ಅವರೇ. ಕ್ರಿಕೆಟ್‌ನಲ್ಲಿ ಕೂಡ ಯಾರು ಮೊದಲು ಬ್ಯಾಟ್ ಹಿಡಿಯಬೇಕು ಎಂಬುದು ಟಾಸ್‌ನಿಂದಲೇ ತೀರ್ಮಾನವಾಗುತ್ತದೆ. ಪಿಚ್ ಒದ್ದೆಯಿದ್ದ ದಿನ ಟಾಸ್ ಗೆದ್ದವರಿಗೆ ಏನು ಲಾಭ ಎಂಬುದನ್ನು ನಮ್ಮ ಓದುಗರಿಗೆ ನಾವು ವಿವರಿಸಬೇಕಿಲ್ಲ.

1874ರಲ್ಲಿ ಹುಡುಗ ವೆಲ್ಸ್ ಕಾಲು ಮುರಿದುಕೊಂಡು ವಾರಗಟ್ಟಲೆ ಹಾಸಿಗೆ ಹಿಡಿದರು. ತಂದೆ ಗ್ರಂಥಾಲಯದಿಂದ ತಂದುಕೊಟ್ಟ ಪುಸ್ತಕಗಳೇ ಆಗ ಜೊತೆ. ಓದಿನ ಹುಚ್ಚು ಹತ್ತಿದ್ದು ಅಲ್ಲಿಂದ. ಮೂರು ವರ್ಷದ ಬಳಿಕ ತಂದೆಯ ತೊಡೆಯ ಮೂಳೆ ಮುರಿಯಿತು. ಕ್ರಿಕೆಟ್‌ನಿಂದ ಬರುತ್ತಿದ್ದ ಆದಾಯ ನಿಂತುಹೋಯಿತು. ತಾಯಿ ಮತ್ತೆ ಅಪ್‌ಪಾರ್ಕ್ ಎಂಬ ದೊಡ್ಡ ಬಂಗಲೆಯ ಮನೆವಾರ್ತೆ ನೋಡುವ ಕೆಲಸಕ್ಕೆ ಸೇರಿದರು. ಹುಡುಗನನ್ನು ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟರು.

ಸೌತ್‌ಸೀ ಊರಿನ ಆ ಅಂಗಡಿಯಲ್ಲಿ ದಿನಕ್ಕೆ ಹದಿಮೂರು ಗಂಟೆ ದುಡಿತ. ರಾತ್ರಿ ಇತರ ಹುಡುಗರ ಜೊತೆ ಒಂದೇ ಕೋಣೆಯಲ್ಲಿ ಮಲಗುವುದು. 1883ರಲ್ಲಿ ಒಂದು ದಿನ ಇನ್ನು ಸಾಧ್ಯವಿಲ್ಲ ಎನಿಸಿ ವೆಲ್ಸ್ ಸುಮಾರು 17 ಮೈಲಿ ನಡೆದುಕೊಂಡೇ ತಾಯಿಯ ಬಳಿ ಹೋದರು. ಅಂಗಡಿ ಬಿಡಿಸಿ ಎಂದು ಹಟ ಹಿಡಿದರು. ಮಿಡ್‌ಹರ್ಸ್ಟ್ ಎಂಬಲ್ಲಿನ ಶಾಲೆಯಲ್ಲಿ ಓದುತ್ತಾ ಕಿರಿಯರಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಮರುವರ್ಷ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ನಾರ್ಮಲ್ ಸ್ಕೂಲ್ ಆಫ್ ಸೈನ್ಸ್ ಸೇರಿದರು. ಡಾರ್ವಿನ್ ವಿಕಾಸವಾದದ ದೊಡ್ಡ ಸಮರ್ಥಕ ಟಿ.ಎಚ್. ಹಕ್ಸ್‌ಲಿ ಅಲ್ಲಿ ಅವರಿಗೆ ಜೀವವಿಜ್ಞಾನ ಕಲಿಸಿದರು.

ಕಾಯಿಲೆ, ಪಾಠ, ಪುಸ್ತಕ

1887ರಲ್ಲಿ ವೇಲ್ಸ್ ಪ್ರಾಂತ್ಯದ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದಾಗ ಫುಟ್‌ಬಾಲ್ ಮೈದಾನದಲ್ಲಿ ಏಟು ಬಿದ್ದು ಮೂತ್ರಪಿಂಡಕ್ಕೆ ಹಾನಿಯಾಯಿತು. ಆಮೇಲೆ ಕೆಮ್ಮಿದಾಗ ರಕ್ತ ಬರತೊಡಗಿತು. ಹೆಚ್ಚು ಕಾಲ ಬದುಕುವುದಿಲ್ಲ ಎಂಬ ಭಯ ಹಲವು ವರ್ಷ ಅವರನ್ನು ಕಾಡಿತು. ಆ ನಡುವೆಯೇ 1890ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದರು, 1893ರಲ್ಲಿ ಜೀವವಿಜ್ಞಾನದ ಪಠ್ಯಪುಸ್ತಕ ಬರೆದರು.

ಆಮೇಲೆ ಬಂದ ಕಾದಂಬರಿಗಳು ಎಲ್ಲರಿಗೂ ಗೊತ್ತು. 1895ರಲ್ಲಿ ಟೈಮ್ ಮೆಷೀನ್, 1897ರಲ್ಲಿ ಇನ್‌ವಿಸಿಬಲ್ ಮ್ಯಾನ್, 1898ರಲ್ಲಿ ವಾರ್ ಆಫ್ ದಿ ವರ್ಲ್ಡ್ಸ್. ಹಣ ಬಂತು. ಆರೋಗ್ಯಕ್ಕೆ ಕಡಲ ಗಾಳಿ ಒಳ್ಳೆಯದೆಂದು ಕೆಂಟ್ ಕರಾವಳಿಯ ಸ್ಯಾಂಡ್‌ಗೇಟ್‌ನಲ್ಲಿ ಮನೆ ಕಟ್ಟಿಸಿದರು. ಪತ್ನಿ ಕ್ಯಾಥರೀನ್, 1901 ಮತ್ತು 1903ರಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳು. ಮನೆ ತುಂಬ ಆಟದ ಸಾಮಾನು.

ಊಟದ ನಂತರ ಸಿಡಿದ ಫಿರಂಗಿ

ಆಗ ಇಂಗ್ಲೆಂಡಿನ ಮಕ್ಕಳ ಕೈಯಲ್ಲಿ ಸೀಸದ ಸೈನಿಕರದೇ ದರ್ಬಾರು. 1893ರಲ್ಲಿ ವಿಲಿಯಂ ಬ್ರಿಟನ್ ಕಂಪನಿ ಒಳಗೆ ಟೊಳ್ಳಾದ ಸೀಸದ ಬೊಂಬೆಗಳನ್ನು ಎರಕ ಹೊಯ್ಯುವ ವಿಧಾನ ಶುರುಮಾಡಿದ ಮೇಲೆ ಅವು ಅಗ್ಗವಾಗಿದ್ದವು. ಇಲ್ಲೊಂದು ಎಚ್ಚರಿಕೆ: ಹಳೆಯ ಸೀಸದ ಬೊಂಬೆ ನಿಮ್ಮ ಮನೆಯಲ್ಲಿದ್ದರೆ ಮಕ್ಕಳ ಕೈಗೆ ಕೊಡಬೇಡಿ. ಸೀಸ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಇಷ್ಟು ಪ್ರಮಾಣದವರೆಗೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟವೇ ಅದಕ್ಕಿಲ್ಲ.

ಸೈನಿಕರ ಜೊತೆಗೆ ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯೂ ಸಿಗುತ್ತಿತ್ತು. ಸುಮಾರು ಒಂದು ಅಂಗುಲದ ಮರದ ತುಂಡನ್ನು ಅದು ಗುರಿಯಿಟ್ಟು ಹಾರಿಸುತ್ತಿತ್ತು. ಒಂಬತ್ತು ಗಜ, ಅಂದರೆ ಎಂಟು ಮೀಟರಿಗೂ ತುಸು ಹೆಚ್ಚು ದೂರದಲ್ಲಿ ನಿಂತ ಬೊಂಬೆಯನ್ನು ಹತ್ತರಲ್ಲಿ ಒಂಬತ್ತು ಸಲ ಬೀಳಿಸಬಹುದು ಎಂಬುದು ವೆಲ್ಸ್ ಅವರ ಲೆಕ್ಕ.

ಒಂದು ದಿನ ಮಧ್ಯಾಹ್ನದ ಊಟಕ್ಕೆ ಸ್ನೇಹಿತರೊಬ್ಬರು ಬಂದಿದ್ದರು. ಪುಸ್ತಕದಲ್ಲಿ ವೆಲ್ಸ್ ಅವರನ್ನು ಬರೀ ಜೆ.ಕೆ.ಜೆ. ಎಂದು ಕರೆದಿದ್ದಾರೆ. ಹಾಸ್ಯಲೇಖಕ ಜೆರೋಮ್ ಕೆ. ಜೆರೋಮ್ ಅವರೇ ಇವರು ಎಂಬುದು ಓದುಗರಿಗೆ ಗೊತ್ತಾಗದೆ ಇರಲಿಲ್ಲ. ಊಟವಾದ ಮೇಲೆ ಆ ಸ್ನೇಹಿತರು ಮೇಜಿನ ಮೇಲಿದ್ದ ಫಿರಂಗಿಯಿಂದ ಒಂದು ಬೊಂಬೆಗೆ ಗುರಿಯಿಟ್ಟರು. ಬೊಂಬೆ ಬಿತ್ತು. ನೀವೊಂದು ಹೊಡೆಯಿರಿ, ನಾನೊಂದು ಹೊಡೆಯುತ್ತೇನೆ ಎಂದು ಪಂದ್ಯ ಶುರುವಾಯಿತು.

ಒಂದೊಂದೇ ಗುಂಡು ಹೊಡೆಯುವುದು ಬೇಗ ಬೇಸರ ತಂದಿತು. ಸೈನಿಕರು ನಡೆಯಬೇಡವೇ? ಅಡಗಿಕೊಳ್ಳಲು ಜಾಗ ಬೇಡವೇ? ವಿಶ್ವಕೋಶದ ದಪ್ಪ ಸಂಪುಟಗಳನ್ನು ಜೋಡಿಸಿ ಗುಡ್ಡ ಮನೆ ಮಾಡಿದರು. ಕಾಲಾಳು ಒಂದು ಸರದಿಗೆ ಒಂದು ಅಡಿ, ಕುದುರೆ ಸವಾರ ಎರಡು ಅಡಿ ನಡೆಯಬಹುದು ಎಂದು ಗೊತ್ತುಮಾಡಿದರು. ಫಿರಂಗಿಯಿಂದ ಆರು ಅಂಗುಲದ ಒಳಗೆ ತಮ್ಮ ಕಡೆಯ ನಾಲ್ವರಾದರೂ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಒಂದು ಸರದಿಯಲ್ಲಿ ಫಿರಂಗಿಯನ್ನು ಒಂದೋ ಸಾಗಿಸಬೇಕು, ಇಲ್ಲವೇ ನಾಲ್ಕು ಗುಂಡಿನ ತನಕ ಹಾರಿಸಬೇಕು. ಎರಡೂ ಒಟ್ಟಿಗೆ ಇಲ್ಲ.

ಹೀಗೆ ಬೆಳೆದ ಆಟವನ್ನು ವೆಲ್ಸ್ 1912ರ ಕೊನೆಗೆ ವಿಂಡ್ಸರ್ ಮ್ಯಾಗಜೀನ್‌ನಲ್ಲಿ ಬರೆಯತೊಡಗಿ, 1913ರಲ್ಲಿ ಲಿಟಲ್ ವಾರ್ಸ್ ಎಂಬ ಪುಸ್ತಕವಾಗಿ ಹೊರತಂದರು. ಹನ್ನೆರಡರಿಂದ ನೂರೈವತ್ತು ವರ್ಷದ ಹುಡುಗರಿಗೆ ಈ ಆಟ ಎಂಬುದು ಉಪಶೀರ್ಷಿಕೆಯಲ್ಲೇ ಇತ್ತು. ಬರೆದವರಿಗೆ ಆಗ 46 ವರ್ಷ.

ಮೊದಲ ತಕರಾರು: ನಿಮ್ಮ ಸರದಿ ಯಾವಾಗ ಮುಗಿಯುತ್ತೆ?

ಸರದಿಯ ಜಗಳ ಎಂದರೆ ಯಾರು ಮೊದಲು ಎಂಬುದಷ್ಟೇ ಅಂದುಕೊಳ್ಳುತ್ತೇವೆ. ಒಬ್ಬರ ಸರದಿ ಎಷ್ಟು ಹೊತ್ತು ಎಂಬುದೂ ಅಷ್ಟೇ ದೊಡ್ಡ ಜಗಳ. ಫಿರಂಗಿಗೆ ಗುರಿಯಿಡುತ್ತಾ, ನೆಲಕ್ಕೆ ಕಣ್ಣು ತಾಗಿಸಿಕೊಂಡು ಒಬ್ಬರು ಮಲಗಿಬಿಟ್ಟರೆ ಎದುರಿನವರು ಕಾಯುತ್ತಾ ಕೂರಬೇಕು. ವೆಲ್ಸ್ ಮನೆಯಲ್ಲೂ ಇದೇ ಆಯಿತು.

ಪರಿಹಾರ ಗಡಿಯಾರ. ಮೊದಲು ಸರದಿಗೆ ಹತ್ತು ನಿಮಿಷ ಎಂದಿಟ್ಟರು. ಆಮೇಲೆ ಸಮಯ ಕಡಿಮೆ ಮಾಡಿದಷ್ಟೂ ಆಟ ಚುರುಕಾಗುತ್ತದೆ ಎಂದು ಕಂಡುಕೊಂಡರು. ಅವಸರದಲ್ಲಿ ಒಂದು ತುಕಡಿ ಹಿಂದೆ ಉಳಿಯುತ್ತದೆ, ಗುರಿ ತಪ್ಪುತ್ತದೆ, ಮರೆಯಲ್ಲಿರಬೇಕಾದವರು ಬಯಲಲ್ಲಿ ನಿಂತುಬಿಡುತ್ತಾರೆ. ನಿಜವಾದ ಯುದ್ಧದಲ್ಲೂ ಸೇನಾಪತಿಗೆ ಯೋಚಿಸಲು ಅಷ್ಟೇ ಪುರುಸೊತ್ತು ಇರುವುದು ಎಂಬುದು ಅವರ ವಾದ.

ಕೊನೆಗೆ ನಿಂತ ಲೆಕ್ಕ ಹೀಗಿದೆ. ಪ್ರತಿ 30 ಸೈನಿಕರಿಗೆ ಒಂದು ನಿಮಿಷ, ಪ್ರತಿ ಫಿರಂಗಿಗೆ ಒಂದು ನಿಮಿಷ. 110 ಸೈನಿಕರು, 3 ಫಿರಂಗಿ ಇದ್ದರೆ ಸುಮಾರು 7 ನಿಮಿಷ. ಸೈನಿಕರು ಸತ್ತಂತೆ ಸಮಯವೂ ಕಡಿಮೆಯಾಗುತ್ತದೆ. ಸರದಿ ಬಂದ ಆಟಗಾರ ತನ್ನ ಹಿಂದಿನ ಗೆರೆಗಿಂತ ಒಂದು ಗಜ ಹಿಂದೆ ನೆಟ್ಟಗೆ ನಿಂತಿರಬೇಕು. ಗಡಿಯಾರ ಹಿಡಿದವರು ಹೇಳಿದ ಮೇಲೆ ಶುರು. ಎರಡು ನಿಮಿಷ, ಒಂದು ನಿಮಿಷ, ಅರ್ಧ ನಿಮಿಷ ಉಳಿದಾಗ ಎಚ್ಚರಿಕೆ. ಸಮಯ ಮುಗಿಯಿತು ಎಂದ ಕೂಡಲೇ ಕೈ ನಿಲ್ಲಬೇಕು. ಸರದಿಗಳ ನಡುವೆ ನಾಲ್ಕೈದು ನಿಮಿಷದ ಬಿಡುವು.

ಸಮಯವನ್ನು ಎಲ್ಲರಿಗೂ ಒಂದೇ ಎಂದು ಮಾಡಲಿಲ್ಲ, ಕೆಲಸಕ್ಕೆ ತಕ್ಕಂತೆ ಹಂಚಿದರು ಎಂಬುದನ್ನು ಗಮನಿಸಿ. ಹೆಚ್ಚು ಸೈನಿಕರಿರುವವರಿಗೆ ಹೆಚ್ಚು ಕೆಲಸ, ಹಾಗಾಗಿ ಹೆಚ್ಚು ಸಮಯ.

ಎರಡನೇ ತಕರಾರು: ಟಾಸ್ ಗೆದ್ದವರೇ ಆಟ ಗೆದ್ದರೆ?

ಈಗ ನಮ್ಮ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಟಾಸ್‌ನಲ್ಲಿ ಇಬ್ಬರಿಗೂ ಸಮಾನ ಅವಕಾಶವಿದೆ, ಸರಿ. ಆದರೆ ಟಾಸ್ ಆದ ಮೇಲೆ ಆಟ ಸಮಾನವಾಗಿ ಉಳಿಯುತ್ತದೆಯೇ?

ಒಂದು ಸಣ್ಣ ಲೆಕ್ಕ ಮಾಡೋಣ. ಎರಡೂ ಕಡೆ 3 ಫಿರಂಗಿ. ಪ್ರತಿ ಫಿರಂಗಿಯ ಪಕ್ಕ 5 ಸೈನಿಕರು, ಹತ್ತಿರದಲ್ಲಿ ಬೇರೆ ಯಾರೂ ಇಲ್ಲ. ಮೊದಲ ಸರದಿಯವರು ಫಿರಂಗಿಗೆ ನಾಲ್ಕರಂತೆ 12 ಗುಂಡು ಹಾರಿಸುತ್ತಾರೆ. ಲೆಕ್ಕಕ್ಕಾಗಿ ಮೂರಕ್ಕೆ ಒಂದು ಗುಂಡು ತಾಗುತ್ತದೆ ಎಂದಿಟ್ಟುಕೊಳ್ಳಿ. ಎದುರಾಳಿಯ 4 ಸೈನಿಕರು ಬೀಳುತ್ತಾರೆ. ಎರಡು ಫಿರಂಗಿಗಳ ಪಕ್ಕ ತಲಾ ಇಬ್ಬರು ಬಿದ್ದರೆ ಅಲ್ಲಿ ಉಳಿಯುವುದು ಮೂವರು. ಕನಿಷ್ಠ ನಾಲ್ವರು ಬೇಕು ಎಂಬ ನಿಯಮ ಇರುವುದರಿಂದ ಆ ಎರಡು ಫಿರಂಗಿಗಳು ಸುಮ್ಮನಾದವು. ಎರಡನೆಯವರ ಸರದಿ ಬಂದಾಗ ಅವರ ಬಳಿ ಹಾರುವುದು ಒಂದೇ ಫಿರಂಗಿ, 12ರ ಬದಲು 4 ಗುಂಡು. ಅದರಲ್ಲಿ ತಾಗುವುದು ಒಂದೋ ಎರಡೋ.

ಇಬ್ಬರೂ ಅಷ್ಟೇ ಜಾಣರು, ಇಬ್ಬರ ಸೇನೆಯೂ ಅಷ್ಟೇ. ಆದರೂ ಒಂದು ನಾಣ್ಯ ಆಟದ ಅರ್ಧ ಕಥೆ ಬರೆದುಬಿಟ್ಟಿತು. ಮೊದಲು ಹೊಡೆದವರ ಲಾಭ ಅಲ್ಲಿಗೆ ನಿಲ್ಲುವುದೂ ಇಲ್ಲ. ಎದುರಿನವರ ಹೊಡೆತ ಕುಗ್ಗಿದ್ದರಿಂದ ಮುಂದಿನ ಸುತ್ತಿನಲ್ಲಿ ಅದು ಇನ್ನಷ್ಟು ದೊಡ್ಡದಾಗುತ್ತದೆ. ಚದುರಂಗದಲ್ಲಿ ಬಿಳಿ ಕಾಯಿಯವರು ಮೊದಲು ನಡೆಸುತ್ತಾರೆ. ದೊಡ್ಡ ಸಂಖ್ಯೆಯ ಪಂದ್ಯಗಳನ್ನು ಒಟ್ಟು ಹಾಕಿ ನೋಡಿದರೆ ಅಲ್ಲೂ ಬಿಳಿಯವರಿಗೆ ಶೇ. 52ರಿಂದ 56ರಷ್ಟು ಅಂಕ ಸಿಗುತ್ತದೆ. ಗುಂಡು ಹಾರುವ ಆಟದಲ್ಲಿ ಅಂತರ ಅದಕ್ಕಿಂತ ಹೆಚ್ಚಾಗುವುದು ಸುಲಭ.

ವೆಲ್ಸ್ ಇದಕ್ಕೆ ಒಂದಲ್ಲ, ಮೂರು ಕಡೆ ಮದ್ದು ಹಚ್ಚಿದರು.

ಒಂದು, ರಣಭೂಮಿ. ಗುಡ್ಡ, ಮನೆ, ಮರಗಳನ್ನು ಒಬ್ಬರೇ ಜೋಡಿಸಬೇಕು. ಆದರೆ ಯಾವ ದಿಕ್ಕಿನಿಂದ ಆಡಬೇಕು ಎಂದು ಆರಿಸುವ ಹಕ್ಕು ಇನ್ನೊಬ್ಬರದು. ಮನೆಯಲ್ಲಿ ಒಂದು ಮಗು ಕೇಕ್ ಕತ್ತರಿಸಿದರೆ ಇನ್ನೊಂದು ಮಗು ಮೊದಲು ತುಂಡು ಆರಿಸಿಕೊಳ್ಳಲಿ ಎಂದು ಅಮ್ಮ ಹೇಳುವುದಿಲ್ಲವೇ? ಅದೇ ಉಪಾಯ. ತನಗೆ ಯಾವ ಭಾಗ ಸಿಗುತ್ತದೆ ಎಂದು ಗೊತ್ತಿಲ್ಲದಾಗ ಮನುಷ್ಯ ತಾನಾಗಿ ಸಮನಾಗಿ ಹಂಚುತ್ತಾನೆ.

ಎರಡು, ಟಾಸ್‌ನ ಹೊತ್ತು. ರಣಭೂಮಿ ಸಿದ್ಧವಾಗಿ, ದಿಕ್ಕು ಆರಿಸಿದ ಮೇಲೆಯೇ ಮೊದಲ ಸರದಿಗಾಗಿ ಟಾಸ್. ಅದಕ್ಕೆ ಮೊದಲು ಹಾಕುವಂತಿಲ್ಲ. ಹಾಕಿದ್ದರೆ ಮೊದಲ ಸರದಿ ಸಿಕ್ಕವರು ತಮಗೆ ಬೇಕಾದಂತೆ ಬಯಲು ಜೋಡಿಸುತ್ತಿದ್ದರು. ಸೈನಿಕರನ್ನು ನಿಲ್ಲಿಸುವಾಗ ನಡುವೆ ಪರದೆ ಕಟ್ಟಲು ಸಾಧ್ಯವಾದರೆ ಇಬ್ಬರೂ ಒಟ್ಟಿಗೆ, ಒಬ್ಬರದು ಒಬ್ಬರಿಗೆ ಕಾಣದಂತೆ ನಿಲ್ಲಿಸಬೇಕು.

ಮೂರು, ಗುಂಡಿಗೆ ತಡೆ. ಮೊದಲ ಆಟಗಾರನ ಎರಡನೇ ನಡೆಗೆ ಮುಂಚೆ ಯಾರೂ ಫಿರಂಗಿ ಹಾರಿಸುವಂತಿಲ್ಲ. ಮೊದಲಿನವರು ನಡೆಸುತ್ತಾರೆ, ಎರಡನೆಯವರು ನಡೆಸುತ್ತಾರೆ, ಆಮೇಲೆಯೇ ಗುಂಡು. ಇಲ್ಲೂ ಮೊದಲ ಗುಂಡು ಮೊದಲಿನವರದೇ ಎಂಬುದು ನಿಜ. ಆದರೆ ಅಷ್ಟರಲ್ಲಿ ಎರಡನೆಯವರು ಎದುರಿನ ಫಿರಂಗಿ ಎಲ್ಲಿದೆ ಎಂದು ನೋಡಿ, ತಮ್ಮವರನ್ನು ಮರೆಗೆ ಸರಿಸಿರುತ್ತಾರೆ. ಒಬ್ಬರಿಗೆ ಮೊದಲ ಹೊಡೆತ, ಇನ್ನೊಬ್ಬರಿಗೆ ಹೆಚ್ಚಿನ ಮಾಹಿತಿ. ಲಾಭ ಪೂರ್ತಿ ಹೋಗಲಿಲ್ಲ, ಎರಡು ಕಡೆಗೂ ಹಂಚಿಹೋಯಿತು.

ಟಾಸ್ ಮಾಡುವುದು ಇಷ್ಟೇ: ಲಾಭ ಯಾರಿಗೆ ಎಂಬುದನ್ನು ಪಕ್ಷಪಾತವಿಲ್ಲದೆ ಆರಿಸುತ್ತದೆ. ಆ ಲಾಭ ಎಷ್ಟು ದೊಡ್ಡದು ಎಂಬುದನ್ನು ಕಡಿಮೆ ಮಾಡಬೇಕಾದದ್ದು ನಿಯಮ.

ಯುದ್ಧದಾಟ ಕಂಡುಹಿಡಿದವರು ಇವರೇ ಅಲ್ಲ

ವೆಲ್ಸ್ ಅವರನ್ನು ಯುದ್ಧದಾಟದ ಪಿತಾಮಹ ಎಂದು ಕರೆಯುವುದುಂಟು. ಹವ್ಯಾಸಿಗಳ ಮಟ್ಟಿಗೆ ಅದರಲ್ಲಿ ಹುರುಳಿದೆ. ಆದರೆ ಯುದ್ಧದಾಟವನ್ನೇ ಕಂಡುಹಿಡಿದವರು ಎಂದರೆ ತಪ್ಪಾಗುತ್ತದೆ.

ಅವರಿಗಿಂತ ಸುಮಾರು ತೊಂಬತ್ತು ವರ್ಷ ಮೊದಲು, 1824ರಲ್ಲಿ, ಪ್ರಷ್ಯಾದ ಸೇನಾಧಿಕಾರಿ ಜಾರ್ಜ್ ಫಾನ್ ರೈಸ್‌ವಿಟ್ಸ್ ಅಧಿಕಾರಿಗಳ ತರಬೇತಿಗೆಂದು ಕ್ರೀಗ್‌ಸ್ಪೀಲ್ ಎಂಬ ಆಟದ ನಿಯಮ ಪ್ರಕಟಿಸಿದ್ದರು. ನಿಜವಾದ ನಕ್ಷೆಯ ಮೇಲೆ ಆಡುವ ಆಟ ಅದು. ಒಂದು ಸರದಿ ಎಂದರೆ ರಣರಂಗದ ಎರಡು ನಿಮಿಷ. ಆಟಗಾರರು ಅಂಪೈರ್‌ಗೆ ಆದೇಶ ಕೊಡುತ್ತಾರೆ. ಅಂಪೈರ್ ಎರಡೂ ಕಡೆಯ ತುಕಡಿಗಳನ್ನು ಸರಿಸಿ, ದಾಳ ಹಾಕಿ, ಕೋಷ್ಟಕ ನೋಡಿ ಫಲ ಹೇಳುತ್ತಾರೆ. ಯಾರ ಸರದಿ ಮೊದಲು ಎಂಬ ಜಗಳವೇ ಇಲ್ಲದಂತೆ ಮಾಡುವ ದಾರಿ ಇದು. ಆದರೆ ಲೆಕ್ಕ ಬಹಳ. 1876ರಲ್ಲಿ ಇನ್ನೊಬ್ಬ ಪ್ರಷ್ಯನ್ ಅಧಿಕಾರಿ ವೆರ್ಡಿ ಡು ವೆರ್ನ್ವಾ ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ಅಂಪೈರ್ ಹೇಳಿದ್ದೇ ತೀರ್ಪು ಎಂದರು. ಆಟ ಚುರುಕಾಯಿತು, ಎಲ್ಲ ಭಾರವೂ ಒಬ್ಬರ ಬುದ್ಧಿಯ ಮೇಲೆ ಬಿತ್ತು.

ಟ್ರೆಷರ್ ಐಲ್ಯಾಂಡ್ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಕೂಡ 1880ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಮಲಮಗನೊಂದಿಗೆ ಆಟಿಕೆ ಸೈನಿಕರ ಯುದ್ಧ ಆಡುತ್ತಿದ್ದರು. ಹಾಗಾದರೆ ವೆಲ್ಸ್ ಹೊಸದಾಗಿ ಮಾಡಿದ್ದೇನು? ತರಬೇತಿ ಪಡೆದ ಅಂಪೈರ್ ಇಲ್ಲದೆ, ದಾಳವಿಲ್ಲದೆ, ಮನೆಮಂದಿ ಆಡಬಹುದಾದ ಸಣ್ಣ ನಿಯಮಗಳನ್ನು ಎಲ್ಲರ ಕೈಗೆ ಸಿಗುವ ಪುಸ್ತಕದಲ್ಲಿ ಬರೆದರು. ಗಡಿಯಾರ ನೋಡಲು ಒಬ್ಬರಿದ್ದರೆ ಸಾಕು. ಬೊಂಬೆ ಬಿದ್ದಿದೆಯೋ ಇಲ್ಲವೋ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ಆಟದ ಮರುವರ್ಷ ನಿಜವಾದ ಯುದ್ಧ

ಯುದ್ಧದಾಟ ಆಡುವವರು ಯುದ್ಧಪ್ರಿಯರು ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ವೆಲ್ಸ್ ತಮ್ಮ ಪುಸ್ತಕದ ಕೊನೆಗೆ ಇದಕ್ಕೆ ಉತ್ತರ ಬರೆದಿದ್ದರು. ನಿಜವಾದ ಯುದ್ಧ ಎಷ್ಟು ದುಬಾರಿ, ಎಷ್ಟು ಪೆದ್ದುತನದ್ದು ಎಂಬುದನ್ನು ಮೂರ್ನಾಲ್ಕು ಸಲ ಈ ಆಟ ಆಡಿದರೆ ಸಾಕು, ಯಾರಿಗಾದರೂ ತಿಳಿಯುತ್ತದೆ ಎಂಬುದು ಅವರ ನಿಲುವು. ಯುದ್ಧದ ಹಂಬಲ ಇರುವವರನ್ನೆಲ್ಲ ಒಂದು ದೊಡ್ಡ ಕೋಣೆಗೆ ಕಳಿಸಿ ಆಟಿಕೆ ಸೈನಿಕರನ್ನು ಕೊಟ್ಟುಬಿಡಬೇಕು ಎಂಬ ಧಾಟಿಯಲ್ಲಿ ಅವರು ಬರೆದರು.

ಪುಸ್ತಕ ಬಂದದ್ದು 1913ರಲ್ಲಿ. 1914ರ ಜುಲೈ ಕೊನೆಯಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಅಲ್ಲಿ ಗಡಿಯಾರ ಹಿಡಿದವರಿರಲಿಲ್ಲ. ಮೊದಲು ಹೊಡೆದವರಿಗೆ ಲಾಭ ಎಂಬ ಲೆಕ್ಕ ಯುರೋಪಿನ ಸೇನಾ ಕಚೇರಿಗಳಲ್ಲೂ ಇತ್ತು. ಎದುರಿನವರು ಸೈನ್ಯ ಜಮಾಯಿಸುವ ಮೊದಲೇ ನಾವು ಹೊರಡಬೇಕು ಎಂಬ ಅವಸರದಲ್ಲಿ ಒಂದು ದೇಶದ ಹಿಂದೆ ಇನ್ನೊಂದು ದೇಶ ರೈಲುಗಳಲ್ಲಿ ಸೈನಿಕರನ್ನು ತುಂಬಿ ಗಡಿಗೆ ಕಳಿಸಿದವು.

ಇಲ್ಲಿ ವೆಲ್ಸ್ ಅವರ ಬದುಕಿನ ಒಂದು ಕಹಿ ಭಾಗವನ್ನೂ ಹೇಳಬೇಕು. ಯುದ್ಧ ಪೆದ್ದುತನ ಎಂದಿದ್ದ ಅವರೇ ಈ ಯುದ್ಧವನ್ನು ಬಲವಾಗಿ ಬೆಂಬಲಿಸಿದರು. ಯುದ್ಧಗಳನ್ನೆಲ್ಲ ಮುಗಿಸಿಬಿಡುವ ಯುದ್ಧ ಇದು ಎಂಬ ಅರ್ಥದ ಶೀರ್ಷಿಕೆಯಲ್ಲಿ 1914ರಲ್ಲೇ ಲೇಖನಗಳ ಸಂಕಲನ ತಂದರು. ಆ ಮಾತನ್ನು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಹೆಸರಿಗೆ ಕಟ್ಟುವುದು ಇಂದಿಗೂ ನಡೆಯುತ್ತದೆ. ಅದು ಹರಡಿದ್ದು ವೆಲ್ಸ್ ಅವರಿಂದ. 1918ರಲ್ಲಿ ಕೆಲಕಾಲ ಸರ್ಕಾರದ ಪ್ರಚಾರ ವಿಭಾಗದಲ್ಲೂ ಅವರು ದುಡಿದರು. ಯುದ್ಧ ಮುಗಿದು ಇಪ್ಪತ್ತೊಂದೇ ವರ್ಷಕ್ಕೆ ಇನ್ನೂ ದೊಡ್ಡ ಯುದ್ಧ ಬಂತು.

ನೆಲದಿಂದ ಮೇಜಿಗೆ

ಆಟದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಆಟಿಕೆ ಸೈನಿಕರ ಹವ್ಯಾಸ ಮತ್ತೆ ಚಿಗುರಿತು. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಎಂಬುವರು ಮಧ್ಯಯುಗದ ಯುದ್ಧಗಳಿಗಾಗಿ ಚೈನ್‌ಮೇಲ್ ಎಂಬ ನಿಯಮಪುಸ್ತಕ ತಂದರು. ಅದರಲ್ಲಿ ಸರದಿಗೆ ಎರಡು ದಾರಿ ಕೊಟ್ಟಿದ್ದರು. ಒಂದು, ಎರಡೂ ಕಡೆಯವರು ದಾಳ ಹಾಕುವುದು. ಹೆಚ್ಚು ಬಿದ್ದವರು ಮೊದಲು ನಡೆಯಬೇಕೋ ಆಮೇಲೆ ನಡೆಯಬೇಕೋ ಎಂದು ತಾವೇ ಆರಿಸುತ್ತಾರೆ. ಎರಡನೆಯದು, ಇಬ್ಬರೂ ಆದೇಶ ಬರೆದಿಟ್ಟು ಒಟ್ಟಿಗೆ ನಡೆಸುವುದು.

1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿದರು. ಇದರಲ್ಲಿ ಸೇನೆ ಇಲ್ಲ. ಒಬ್ಬ ಆಟಗಾರ ಒಂದು ಪಾತ್ರ: ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಪುರೋಹಿತ. ಕಥೆ ನಡೆಸಲು, ತೀರ್ಪು ಹೇಳಲು ಮತ್ತೊಬ್ಬರು. ಕ್ರೀಗ್‌ಸ್ಪೀಲ್ ಅಂಪೈರ್ ಹೊಸ ವೇಷದಲ್ಲಿ ಮರಳಿ ಬಂದಂತೆ ಇದು. ಕಾಳಗ ಬಂದಾಗ ಯಾರು ಮೊದಲು ಎಂದು ತೀರ್ಮಾನಿಸುವ ನಿಯಮವನ್ನು ಈ ಆಟಗಾರರು ಇನಿಶಿಯೇಟಿವ್ ಎನ್ನುತ್ತಾರೆ. ಮಾಂತ್ರಿಕನ ಬೆಂಕಿಯುಂಡೆ ಮೊದಲು ಬಿದ್ದರೆ ರಾಕ್ಷಸರು ಸುಟ್ಟು ಬೂದಿ. ರಾಕ್ಷಸರು ಮೊದಲು ತಲುಪಿದರೆ ಮಾಂತ್ರಿಕನೇ ಇಲ್ಲ. ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಒಂದು ದಾಳಕ್ಕೆ ಸಾಯುವುದಾದರೆ ಜಗಳ ಬರದೆ ಇರುತ್ತದೆಯೇ?

ವಾದಗಳು ಹಲವು. ಇಡೀ ಗುಂಪಿಗೆ ಒಂದೇ ದಾಳವೋ, ತಲೆಗೊಂದು ದಾಳವೋ? ಏನು ಮಾಡುತ್ತೇನೆ ಎಂದು ದಾಳಕ್ಕೆ ಮೊದಲೇ ಹೇಳಬೇಕೋ, ಸರದಿ ಬಂದಾಗ ಹೇಳಿದರೆ ಸಾಕೋ? ಪ್ರತಿ ಸುತ್ತಿಗೂ ಹೊಸ ದಾಳವೋ, ಕಾಳಗಕ್ಕೆಲ್ಲ ಒಂದೇ ಸಲವೋ? ಕೊನೆಯ ಪ್ರಶ್ನೆಯ ಹಿಂದೆ ಒಂದು ಗಣಿತ ಅಡಗಿದೆ. ಎರಡೇ ಗುಂಪುಗಳಿದ್ದು ಪ್ರತಿ ಸುತ್ತಿಗೂ ಹೊಸದಾಗಿ ದಾಳ ಹಾಕಿದರೆ, ಈ ಸುತ್ತಿನಲ್ಲಿ ಕೊನೆಗೆ ಆಡಿದವರು ಮುಂದಿನ ಸುತ್ತಿನಲ್ಲಿ ಮೊದಲಿಗರಾಗುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾದಾಗ ಅವರಿಗೆ ಬೆನ್ನುಬೆನ್ನಿಗೆ ಎರಡು ಸರದಿ ಸಿಗುತ್ತದೆ. ದಾಳ ಸಂಪೂರ್ಣ ನಿಷ್ಪಕ್ಷಪಾತ. ಆದರೂ ಎದುರಿನವರು ಎರಡು ಏಟು ತಿಂದ ಮೇಲೆಯೇ ಕೈ ಎತ್ತಬೇಕು.

1979ರ ಆವೃತ್ತಿಯಲ್ಲಿ ಒಂದು ನಿಮಿಷದ ಸುತ್ತನ್ನು ಆರು ಸೆಕೆಂಡಿನ ಹತ್ತು ತುಂಡು ಮಾಡಿ, ಆಯುಧದ ವೇಗವನ್ನೂ ಲೆಕ್ಕಕ್ಕೆ ತಂದರು. ನಿಯಮ ಎಷ್ಟು ಜಟಿಲವಾಯಿತೆಂದರೆ ಅದರ ಅರ್ಥವೇನು ಎಂಬುದೇ ಹೊಸ ಜಗಳವಾಯಿತು. 2000ದ ಮೂರನೇ ಆವೃತ್ತಿ ಇದನ್ನು ಸರಳ ಮಾಡಿತು: ಕಾಳಗದ ಆರಂಭದಲ್ಲಿ ತಲೆಗೊಂದು ಇಪ್ಪತ್ತು ಮುಖದ ದಾಳ, ಅದಕ್ಕೆ ಪಾತ್ರದ ಚುರುಕುತನದ ಅಂಕ ಸೇರಿಸಿ, ಬಂದ ಕ್ರಮದಲ್ಲಿ ಸರದಿ ಸುತ್ತುತ್ತದೆ. ಬೆನ್ನುಬೆನ್ನಿಗೆ ಎರಡು ಸರದಿಯ ತೊಂದರೆ ಬಹುಮಟ್ಟಿಗೆ ಹೋಯಿತು. ಆದರೆ ಮೊದಲ ಸುತ್ತಿನಲ್ಲಿ ಮೊದಲು ಹೊಡೆಯುವವರ ಲಾಭ ಹಾಗೇ ಉಳಿಯಿತು. ಅದಕ್ಕೇ ವಾದವೂ ಉಳಿದಿದೆ.

2004ರಲ್ಲಿ ಲಿಟಲ್ ವಾರ್ಸ್ ಹೊಸ ಮುದ್ರಣ ಕಂಡಾಗ ಅದಕ್ಕೆ ಮುನ್ನುಡಿ ಬರೆದವರು ಇದೇ ಗ್ಯಾರಿ ಗೈಗ್ಯಾಕ್ಸ್.

ಕೊನೆಯ ನಿಯಮಗಳು

ವೆಲ್ಸ್ ಅವರ ಕೊನೆಯ ವರ್ಷಗಳಿಗೆ ಬರೋಣ. ಅವರಿಗೆ ಮಧುಮೇಹವಿತ್ತು. ಚಿಕಿತ್ಸೆ ಕೊಡುತ್ತಿದ್ದ ಡಾ. ಆರ್.ಡಿ. ಲಾರೆನ್ಸ್ ಕೂಡ ಮಧುಮೇಹಿಯೇ. ಇನ್ಸುಲಿನ್ ಬಂದ ಹೊಸತರಲ್ಲಿ ಅದರಿಂದ ಜೀವ ಉಳಿಸಿಕೊಂಡವರು. ಇಬ್ಬರೂ ಸೇರಿ 1934ರಲ್ಲಿ ಬ್ರಿಟನ್ನಿನ ಮಧುಮೇಹಿಗಳ ಸಂಘ ಕಟ್ಟಿದರು. ಇಂದಿನ ಡಯಾಬಿಟಿಸ್ ಯುಕೆ ಸಂಸ್ಥೆ ಅದೇ.

1940ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದ ವರ್ಷ, ವೆಲ್ಸ್ ಮನುಷ್ಯನ ಹಕ್ಕುಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಯಾವ ದೇಶದಲ್ಲಿ, ಯಾವ ಮನೆಯಲ್ಲಿ ಹುಟ್ಟಿದರೂ ಎಲ್ಲರಿಗೂ ಅನ್ವಯಿಸುವ ನಿಯಮಗಳು ಇರಬೇಕು ಎಂಬುದು ಅದರ ತಿರುಳು. ಬಟ್ಟೆ ಅಂಗಡಿಯಿಂದ ಓಡಿಬಂದ ಹುಡುಗನಿಗೆ ಹುಟ್ಟಿನ ಟಾಸ್ ಎಂದರೇನು ಎಂದು ಚೆನ್ನಾಗಿ ಗೊತ್ತಿತ್ತು. ಆ ಟಾಸ್ ಅನ್ನು ಯಾರೂ ತಪ್ಪಿಸಲಾರರು. ಅದರಲ್ಲಿ ಸೋತವರು ಏನೆಲ್ಲ ಕಳೆದುಕೊಳ್ಳಬೇಕು ಎಂಬುದನ್ನು ನಿಯಮದಿಂದ ಕಡಿಮೆ ಮಾಡಬಹುದು. 1948ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಹೊರಡಿಸಿತು. ವೆಲ್ಸ್ ಅದನ್ನು ನೋಡಲಿಲ್ಲ. 1946ರ ಆಗಸ್ಟ್ 13ರಂದು, 79ನೇ ವಯಸ್ಸಿನಲ್ಲಿ, ಲಂಡನ್ನಿನ ತಮ್ಮ ಮನೆಯಲ್ಲಿ ಅವರ ಬದುಕು ಮುಗಿದಿತ್ತು.

ಹಾಗಾದರೆ ನಿಜವೇನು?

ಟಾಸ್ ಹಾಕಿದರೆ ಆಟ ನ್ಯಾಯವಾಗುತ್ತದೆ ಎಂಬುದು ಅರ್ಧಸತ್ಯ. ಮೊದಲ ಸರದಿಗೆ ದೊಡ್ಡ ಲಾಭ ಇರುವ ಆಟದಲ್ಲಿ ಟಾಸ್ ಆ ಲಾಭವನ್ನು ಒಬ್ಬರ ಕೈಗೆ ಕೊಡುತ್ತದೆ, ಅಷ್ಟೇ. ಎರಡು ಆಟ ಆಡಿ ಸರದಿ ಅದಲು ಬದಲು ಮಾಡುವುದು, ಒಬ್ಬರು ಜೋಡಿಸಿ ಇನ್ನೊಬ್ಬರು ಆರಿಸುವುದು, ಮೊದಲ ಸುತ್ತಿನಲ್ಲಿ ಹೊಡೆತ ಬೇಡ ಎನ್ನುವುದು, ಸಮಯಕ್ಕೆ ಗಡಿಯಾರ ಇಡುವುದು, ಇವು ನಾಣ್ಯಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಯಾವ ನಿಯಮವಾದರೂ ಆಟ ಶುರುವಾಗುವ ಮೊದಲೇ, ಯಾರಿಗೆ ಯಾವ ಸರದಿ ಎಂದು ಗೊತ್ತಾಗುವ ಮೊದಲೇ ಒಪ್ಪಿಕೊಂಡಿರಬೇಕು. ಈ ರಜೆಯಲ್ಲಿ ಮನೆಯ ಮಕ್ಕಳು ಮೊದಲು ಯಾರು ಎಂದು ಕಿತ್ತಾಡಿದರೆ ಬೈದು ಸುಮ್ಮನಾಗಿಸಬೇಡಿ. ಅವರು ಕೇಳುತ್ತಿರುವುದು ನಿಜವಾದ ಪ್ರಶ್ನೆ. ಒಂದು ಕಾಗದ ಕೊಟ್ಟು, ನಿಯಮವನ್ನು ಅವರಿಂದಲೇ ಬರೆಸಿ.